‘ಕೀಬೋರ್ಡ್ – 1’: ಆಡಿಯೊ ಕಂಪನಿಗಳಿಗೆ, ಮ್ಯೂಸಿಕ್ ಆಪ್‌ಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕನ್ನಡ ಹಾಡುಗಳನ್ನು ಹೊರತರುವ ಆಡಿಯೊ ಕಂಪನಿಗಳ ಮುಖ್ಯಸ್ಥರು,
ಮತ್ತು ಆ ಹಾಡುಗಳನ್ನು ನಮಗೆ ಕೇಳಿಸುವ ಮ್ಯೂಸಿಕ್ ಆಪ್‌ಗಳನ್ನು ನಡೆಸುವವರು.

ಮಾನ್ಯರೇ,

ನಮಸ್ಕಾರ. ನಾನು ಕೀಬೋರ್ಡ್ ನುಡಿಸಿ ಹೊಟ್ಟೆ ಹೊರೆಯುವವನು. ಇಪ್ಪತ್ತಾರು ವರ್ಷ ಆಯಿತು. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ಆರ್ಕೆಸ್ಟ್ರಾ. ಆಮೇಲೆ ಮದುವೆ ರಿಸೆಪ್ಶನ್‌ಗಳು. ನಡುವೆ ಯಾವುದಾದರೂ ಸ್ಟುಡಿಯೊದಿಂದ ಕರೆ ಬಂದರೆ ರೆಕಾರ್ಡಿಂಗ್. ನೀವು ಹೊರತಂದಿರುವ, ಕೇಳಿಸುತ್ತಿರುವ ಹಾಡುಗಳಲ್ಲಿ ಕೆಲವಕ್ಕೆ ನಾನು ನುಡಿಸಿದ್ದೇನೆ. ನಿಮಗದು ಗೊತ್ತಿರಲಿಕ್ಕಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಆ ದಾರಿ ಯಾಕಿಲ್ಲ ಎಂದು ಕೇಳುವುದಕ್ಕೇ ಈ ಪತ್ರ.

ನನ್ನ ವಿಷಯ ಆಮೇಲೆ. ಮೊದಲು ಇನ್ನೊಬ್ಬರ ಬಗ್ಗೆ ಹೇಳಬೇಕು.

2025ರ ಅಕ್ಟೋಬರ್ 22ರಂದು ಲಂಡನ್ನಿನ ತಮ್ಮ ಮನೆಯಲ್ಲಿ ಡೇವ್ ಬಾಲ್ ತೀರಿಕೊಂಡರು. 66 ವರ್ಷವಾಗಿತ್ತು. ಸಾಫ್ಟ್ ಸೆಲ್ ಎಂಬ ಇಬ್ಬರೇ ಇಬ್ಬರ ತಂಡದಲ್ಲಿ ಅವರು ಕೀಬೋರ್ಡ್ ನುಡಿಸುತ್ತಿದ್ದರು. ಹಾಡುತ್ತಿದ್ದವರು ಮಾರ್ಕ್ ಆಲ್ಮಂಡ್. ಡೇವ್ ಬಾಲ್ ಎಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗದು. ಆದರೆ ‘ಟೇಂಟೆಡ್ ಲವ್’ ಹಾಡಿನ ಮೊದಲ ಎರಡು ಸೆಕೆಂಡ್ ಕೇಳಿಸಿದರೆ ಸಾಕು, ಇಂಗ್ಲಿಷ್ ಹಾಡು ಕೇಳದವರೂ ‘ಓ, ಇದಾ!’ ಅಂತಾರೆ. ಬೀಟ್ ಬೀಳುತ್ತದೆ, ಹಿಂದೆಯೇ ಟಿಂಕ್-ಟಿಂಕ್ ಅಂತ ಎರಡು ಪೆಟ್ಟು. ಗಾಯಕ ಇನ್ನೂ ಬಾಯಿ ತೆರೆದಿರುವುದಿಲ್ಲ. ಹಾಡು ಆಗಲೇ ಕಿವಿಗೆ ಕಚ್ಚಿಕೊಂಡಿರುತ್ತದೆ.

ನಾನು ಅದನ್ನು ಮೊದಲು ಕೇಳಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯಲ್ಲಿ, ನನಗೆ ಕೀಬೋರ್ಡ್ ಕಲಿಸುತ್ತಿದ್ದ ಮೇಷ್ಟ್ರ ಮನೆಯಲ್ಲಿ. ಯಾರೋ ಯಾವುದರಿಂದಲೋ ಕಾಪಿ ಮಾಡಿಕೊಟ್ಟಿದ್ದ ಕ್ಯಾಸೆಟ್. ಮೇಲೆ ಬಾಲ್‌ಪೆನ್ನಿನಲ್ಲಿ ‘ಇಂಗ್ಲಿಷ್ ಮಿಕ್ಸ್ 2’ ಎಂದಷ್ಟೇ ಬರೆದಿತ್ತು. ‘ಎರಡು ಕೈಯಲ್ಲಿ ಎಷ್ಟು ಕಡಿಮೆ ನುಡಿಸಬಹುದು ಕೇಳು. ನೀನು ಹತ್ತೂ ಬೆರಳು ಒತ್ತುತ್ತೀಯಲ್ಲ, ಅದಕ್ಕೇ ಗಲಾಟೆ ಆಗೋದು’ ಎಂದಿದ್ದರು ಮೇಷ್ಟ್ರು. ನಾನು ಆ ಬಿಟ್ ಅನ್ನು, ಅಂದರೆ ಆ ಪುಟ್ಟ ಸ್ವರದ ತುಣುಕನ್ನು, ವಾರಗಟ್ಟಲೆ ನುಡಿಸಿದೆ. ಯಾರದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಸೈಬರ್ ಕೆಫೆಯಲ್ಲಿ ಹುಡುಕಿದಾಗ ಗಾಯಕನ ಹೆಸರು ಸಿಕ್ಕಿತು. ನನಗೆ ಬೇಕಿದ್ದದ್ದು ಅವನ ಹಿಂದೆ ನಿಂತವನ ಹೆಸರು. ಅದು ಸಿಗುವುದಕ್ಕೆ ಇನ್ನೆರಡು ವರ್ಷ ಹಿಡಿಯಿತು.

ಡೇವ್ ಬಾಲ್ ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಬೆಳೆದದ್ದು ಬ್ಲ್ಯಾಕ್‌ಪೂಲ್ ಎಂಬ ಸಮುದ್ರದಂಡೆಯ ಊರಿನಲ್ಲಿ. ನಮ್ಮಲ್ಲಿ ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ, ಆ ಊರಿನಲ್ಲಿ ಬೇಸಿಗೆ ಪೂರ್ತಿ ಜಾತ್ರೆ. ಇಂಗ್ಲೆಂಡಿನ ಉತ್ತರ ಭಾಗದ ಹುಡುಗರಿಗೆ ಆಗ ಒಂದು ಹುಚ್ಚಿತ್ತು. ಅಮೆರಿಕದ ಕರಿಯ ಗಾಯಕರ ಹಳೆಯ ರೆಕಾರ್ಡ್‌ಗಳನ್ನು, ಅದರಲ್ಲೂ ಅಲ್ಲಿ ಓಡದೆ ಮೂಲೆ ಸೇರಿದ್ದವನ್ನು, ಹುಡುಕಿ ತಂದು ಬೆಳಗಿನವರೆಗೆ ಕುಣಿಯುವುದು. ನಾರ್ದರ್ನ್ ಸೋಲ್ ಎನ್ನುತ್ತಿದ್ದರು. ಬಾಲ್ ಅದನ್ನು ಕೇಳುತ್ತಲೇ ಬೆಳೆದವರು. ಜೊತೆಗೆ ಯಂತ್ರದ ಹುಚ್ಚೂ ಸೇರಿಕೊಂಡಿತು. ಲೀಡ್ಸ್ ಪಾಲಿಟೆಕ್ನಿಕ್‌ನಲ್ಲಿ ಚಿತ್ರಕಲೆ ಓದಲು ಹೋದಾಗ ಆಲ್ಮಂಡ್ ಸಿಕ್ಕರು. ಒಬ್ಬರಿಗೆ ವೇಷ, ನಾಟಕ, ಹಾಡು ಬೇಕು. ಇನ್ನೊಬ್ಬರಿಗೆ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್, ಒಂದಿದ್ದರೆ ಸಾಕು.

1980ರಲ್ಲಿ ‘ಮ್ಯೂಟೆಂಟ್ ಮೊಮೆಂಟ್ಸ್’ ಎಂಬ ಪುಟ್ಟ ರೆಕಾರ್ಡ್ ಅನ್ನು ಸ್ವಂತ ದುಡ್ಡಿನಲ್ಲಿ ತಂದರು. ಸ್ವಂತ ದುಡ್ಡು ಅಂದರೆ ಬಾಲ್ ಅವರ ಅಮ್ಮನ ದುಡ್ಡು. ಎರಡು ಸಾವಿರ ಪೌಂಡ್ ಸಾಲ. ಅಮ್ಮನ ಹತ್ತಿರ ಕಾಸು ಇಸ್ಕೊಳ್ಳದೆ ಶುರು ಮಾಡಿದ ಕೀಬೋರ್ಡ್ ಪ್ಲೇಯರ್ ಯಾರಾದರೂ ಇದ್ದರೆ ನನಗೆ ತೋರಿಸಿ. ನಮ್ಮಮ್ಮ ಮಾರಿದ್ದು ಕಿವಿಯ ಬೆಂಡೋಲೆ.

ಇನ್ನು ಆ ಹಾಡು. ಎಡ್ ಕಾಬ್ ಎಂಬವರು ಬರೆದು, ಗ್ಲೋರಿಯಾ ಜೋನ್ಸ್ 1964ರಲ್ಲಿ ಹಾಡಿ, ಅಮೆರಿಕದಲ್ಲಿ ಯಾರೂ ಕ್ಯಾರೇ ಅನ್ನದೆ ಬಿಟ್ಟ ಹಾಡು ಅದು. ನಾರ್ದರ್ನ್ ಸೋಲ್ ಕ್ಲಬ್ಬುಗಳಲ್ಲಿ ಉಳಿದುಕೊಂಡಿತ್ತು. ಮೂಲದಲ್ಲಿ ಗಿಟಾರ್, ಡ್ರಮ್ಸ್, ಬ್ರಾಸ್ (ತುತ್ತೂರಿಯಂಥ ಊದುವಾದ್ಯಗಳು) ಎಲ್ಲಾ ಇದ್ದು ಓಟದ ಹಾಡು. 1981ರಲ್ಲಿ ಸಾಫ್ಟ್ ಸೆಲ್ ಅದನ್ನು ಕೈಗೆ ತೆಗೆದುಕೊಂಡು ಲಯವನ್ನು ನಿಧಾನ ಮಾಡಿತು. ಆಲ್ಮಂಡ್ ದನಿಗೆ ಹೊಂದುವಂತೆ ಶ್ರುತಿ ಇಳಿಸಿತು. ಬ್ರಾಸ್ ಇದ್ದಲ್ಲಿ ಸಿಂಥಸೈಜರ್ ಬಂತು. ಬೇಸ್‌ಗೆ ಕೊರ್ಗ್ ಎಸ್‌ಬಿ-100 ಎಂಬ ಚಿಕ್ಕ ಪೆಟ್ಟಿಗೆ, ತಾಳಕ್ಕೆ ರೋಲ್ಯಾಂಡ್ ಸಿಆರ್-78. ರೆಕಾರ್ಡಿನ ನಿರ್ಮಾಪಕ ಮೈಕ್ ಥಾರ್ನ್ ಅವರ ಸಿಂಕ್ಲವಿಯರ್ ಎಂಬ ಡಿಜಿಟಲ್ ಸಿಂಥಸೈಜರ್ ಕೂಡ ಇತ್ತು. ಒಂದೂವರೆ ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್. ಅಮೆರಿಕದ ಬಿಲ್‌ಬೋರ್ಡ್ ಎಂಬ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನದವರೆಗೆ ಏರಿ, 43 ವಾರ ಕೂತಿತ್ತು. ಆ ಕಾಲಕ್ಕೆ ಅದು ದಾಖಲೆ.

ಅವತ್ತಿನ ಟಿವಿ ತುಣುಕುಗಳು ಈಗಲೂ ನೋಡಲು ಸಿಗುತ್ತವೆ. ಮುಂದೆ ಆಲ್ಮಂಡ್, ಕಣ್ಣಿಗೆ ಕಾಡಿಗೆ, ಕೈ ತುಂಬ ಬಳೆ, ಮೈಯೆಲ್ಲ ಹಾಡು. ಹಿಂದೆ ಮೀಸೆ ಬಿಟ್ಟ ದೊಡ್ಡ ಮೈಕಟ್ಟಿನ ಮನುಷ್ಯ, ಕೀಬೋರ್ಡಿನ ಹಿಂದೆ ಸುಮ್ನೆ ನಿಂತಿದ್ದಾನೆ. ನಗು ಇಲ್ಲ, ಕುಣಿತ ಇಲ್ಲ. ಬ್ಯಾಂಕಿನ ಕೌಂಟರ್ ಹಿಂದೆ ನಿಂತ ಗುಮಾಸ್ತನ ಹಾಗೆ. ನನಗೆ ಅದನ್ನು ನೋಡಿದಾಗಲೆಲ್ಲ ಖುಷಿ. ನಮ್ಮ ಸ್ಟೇಜುಗಳಲ್ಲಿ ನನ್ನ ಜಾಗವೂ ಅದೇ. ರಿದಂ ಪ್ಯಾಡಿನವನ ಪಕ್ಕ, ಲೈಟು ಬೀಳದ ಕಡೆ. ಮಳೆ ಹನಿದರೆ ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿ, ಒಳಗೆ ಕೈ ತೂರಿಸಿ ನುಡಿಸುತ್ತೇನೆ. ಮುಂದೆ ಕೂತವರು ‘ಸಿಡಿ ಹಾಕಿದಾರೆ ಕಣ್ರೀ’ ಅಂದುಕೊಳ್ಳುತ್ತಾರೆ.

ಈಗ ನಿಮಗೆ ಹೇಳಲೇಬೇಕಾದ ಮಾತಿಗೆ ಬಂದೆ. ಇಷ್ಟು ಓಡಿದ ಹಾಡಿನಿಂದ ಬಾಲ್ ಮತ್ತು ಆಲ್ಮಂಡ್ ಅವರಿಗೆ ರಚನೆಯ ರಾಯಲ್ಟಿ ಒಂದು ಪೈಸೆ ಬರಲಿಲ್ಲ. ಹಾಡು ಎಡ್ ಕಾಬ್ ಅವರದು, ಸರಿ. ಆದರೆ ಆಗಿನ ರೆಕಾರ್ಡಿಗೆ ಎರಡು ಮುಖ. ಹಿಂದಿನ ಮುಖದ ಹಾಡು ಯಾರೂ ಕೇಳದಿದ್ದರೂ, ರೆಕಾರ್ಡ್ ಒಂದು ಮಾರಾಟವಾದರೆ ಆ ಹಾಡಿನ ರಚನಕಾರನಿಗೂ ಪಾಲು. ಅಲ್ಲಿ ತಮ್ಮದೇ ಹಾಡೊಂದನ್ನು ಹಾಕಿದ್ದರೆ ಜೀವಮಾನಕ್ಕೆ ಸಾಕಾಗುತ್ತಿತ್ತು. ಇವರು ಹಾಕಿದ್ದು ‘ವೇರ್ ಡಿಡ್ ಅವರ್ ಲವ್ ಗೋ’. ಸುಪ್ರೀಮ್ಸ್ ತಂಡದ 1964ರ ಹಾಡು. ಅದೂ ಬೇರೆಯವರದು! ಇಪ್ಪತ್ತೆರಡು-ಇಪ್ಪತ್ತನಾಲ್ಕರ ಹುಡುಗರಿಗೆ ಯಾರೂ ಬುದ್ಧಿ ಹೇಳಲಿಲ್ಲ. ಆಲ್ಮಂಡ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಅದನ್ನು ನೆನೆದು ಕೈಕೈ ಹಿಸುಕಿಕೊಂಡಿದ್ದಾರೆ.

2006ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಾಪ್ ಗಾಯಕಿ ರಿಹಾನಾ ಅವರ ‘ಎಸ್‌ಒಎಸ್’ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಅದರ ಬೆನ್ನೆಲುಬು ಸಾಫ್ಟ್ ಸೆಲ್‌ನ ಅದೇ ಕೀಬೋರ್ಡ್ ಬಿಟ್. ರಚನಕಾರರ ಪಟ್ಟಿಯಲ್ಲಿ ಎಡ್ ಕಾಬ್ ಹೆಸರಿದೆ. ಅವರು ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು. ಬಾಲ್ ಹೆಸರು ಆ ಪಟ್ಟಿಯಲ್ಲಿಲ್ಲ. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಮಾತು, ಮಟ್ಟು ಹಾಕಿದವನು ರಚನಕಾರ, ಆ ಮಟ್ಟಿಗೆ ಹೊಸ ಮೈ ಕೊಟ್ಟವನು ಬರೀ ನುಡಿಸಿದವನು. ನನ್ನ ಕಸುಬಿನವರಿಗೆ ಈ ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಯಾವಾಗಲೂ ನಮ್ಮ ಮುಂದೆಯೇ ಎಳೆಯುತ್ತಾರೆ.

ಹಾಗಂತ ಬಾಲ್ ಅವರನ್ನು ಪಾಪದ ಪ್ರಾಣಿ ಮಾಡಿ ತೋರಿಸುತ್ತಿಲ್ಲ. ಅವರ ಹೆಸರು ಕವರಿನ ಮೇಲಿತ್ತು. ನನ್ನ ಪತ್ರದ ಜೀವಾಳ ಇದೇ. ‘ಬೆಡ್‌ಸಿಟರ್’, ‘ಸೇ ಹಲೋ, ವೇವ್ ಗುಡ್‌ಬೈ’ ಹಾಡುಗಳಿಗೆ ಇಬ್ಬರೂ ರಚನಕಾರರು ಎಂದು ಬರೆದಿತ್ತು, ಪಾಲು ಬಂತು. ಬ್ರಿಟನ್ನಿನಲ್ಲಿ ಪಿಪಿಎಲ್ ಎಂಬ ಸಂಸ್ಥೆಯಿದೆ. ರೇಡಿಯೊದಲ್ಲಿ ಹಾಡು ಬಂದರೆ ಕಂಪನಿಗೆ ಮಾತ್ರವಲ್ಲ, ಅದರಲ್ಲಿ ನುಡಿಸಿದವರಿಗೂ ಹಣ ತಲುಪಿಸುತ್ತದೆ, ಒಂದು ದಿನದ ಕೂಲಿಗೆ ಬಂದು ನುಡಿಸಿ ಹೋದವರಿಗೂ. ಆದರೆ ಹಾಡಿನ ದಾಖಲೆಯಲ್ಲಿ ಹೆಸರಿರಬೇಕು. 1984ರಲ್ಲಿ ಸಾಫ್ಟ್ ಸೆಲ್ ಒಡೆದ ಮೇಲೂ ಬಾಲ್ ಅವರಿಗೆ ಕೆಲಸ ತಪ್ಪಲಿಲ್ಲ. ರಿಚರ್ಡ್ ನಾರಿಸ್ ಜೊತೆ ದಿ ಗ್ರಿಡ್ ಎಂಬ ತಂಡ ಕಟ್ಟಿದರು. 1994ರಲ್ಲಿ ಅವರ ‘ಸ್ವಾಂಪ್ ಥಿಂಗ್’ ಬ್ರಿಟನ್ನಿನ ಮೂರನೇ ಸ್ಥಾನಕ್ಕೆ ಬಂತು. ಟೆಕ್ನೊ ಬೀಟಿನ ಮೇಲೆ ಬ್ಯಾಂಜೊ! ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಕಾಲು ಸುಮ್ಮನಿರುವುದಿಲ್ಲ. ಪಾಪ್ ಗಾಯಕಿ ಕೈಲಿ ಮಿನೋಗ್ ಅವರ ಜೊತೆ ಹಾಡು ಬರೆದರು. 2001ರಲ್ಲಿ ಸಾಫ್ಟ್ ಸೆಲ್ ಮತ್ತೆ ಕೂಡಿತು. 2018ರಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ‘ಇದೇ ಕೊನೆ’ ಎಂದು ಹಾಡಿ, ಆಮೇಲೆ ಮಾತಿಗೆ ತಪ್ಪಿ 2022ರಲ್ಲಿ ಇನ್ನೊಂದು ಆಲ್ಬಮ್ ತಂದರು. ಕಲಾವಿದರ ಕೊನೆ ಕಾರ್ಯಕ್ರಮವನ್ನು ಯಾರೂ ನಂಬಬಾರದು. ತೀರಿಕೊಳ್ಳುವ ಎರಡು ತಿಂಗಳ ಹಿಂದೆ, 2025ರ ಆಗಸ್ಟ್‌ನಲ್ಲಿ, ಹೆನ್ಲಿಯ ರಿವೈಂಡ್ ಉತ್ಸವದಲ್ಲೂ ವೇದಿಕೆ ಮೇಲಿದ್ದರು. ‘ಆ ಟಿಂಕ್-ಟಿಂಕ್ ಮಾಡಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಎಲ್ಲೋ ಒಂದು ಕಡೆ ಅಚ್ಚಾಗಿತ್ತು. ಅದನ್ನು ಓದಿದವರು ಮುಂದಿನ ಕೆಲಸಕ್ಕೆ ಅವರನ್ನು ಕರೆದರು.

ನಮ್ಮಲ್ಲಿ? ಎ.ಆರ್. ರೆಹಮಾನ್ ದಿಲೀಪ್ ಆಗಿದ್ದ ದಿನಗಳಲ್ಲಿ ನಮ್ಮ ವಿಜಯಭಾಸ್ಕರ್, ಹಂಸಲೇಖ ಅವರ ಬಳಿಯೂ ಕೀಬೋರ್ಡ್ ನುಡಿಸಿದವರು. ಅಷ್ಟು ಗೊತ್ತಿದೆ. ಯಾವ ಹಾಡು, ಯಾವ ಬಿಟ್ ಎಂದು ಕೇಳಿ ನೋಡೋಣ. ಕ್ಯಾಸೆಟ್ ಕವರ್ ಹೇಳುವುದಿಲ್ಲ, ನಿಮ್ಮ ಆಪ್ ಹೇಳುವುದಿಲ್ಲ. ಅವರು ರೆಹಮಾನ್ ಆದರು, ಅದಕ್ಕೇ ಇಷ್ಟಾದರೂ ಗೊತ್ತಾಯಿತು. ಆಗದೆ ಉಳಿದವರ ಗತಿ ಏನು ಸ್ವಾಮಿ?

ಈಗ ನನ್ನದು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸ್ಟುಡಿಯೊಗೆ ಕರೆದರು. ಒಂದು ಸಿನಿಮಾ ಹಾಡು. ಸಂಗೀತ ನಿರ್ದೇಶಕರು ಮಟ್ಟು ಗುನುಗಿ, ‘ಶುರುವಿಗೆ ಏನಾದ್ರೂ ಹಾಕು ಮಾರಾಯ, ಕೇಳಿದ ತಕ್ಷಣ ಗೊತ್ತಾಗಬೇಕು’ ಎಂದರು. ರಾತ್ರಿ ಹತ್ತೂವರೆಯಿಂದ ಎರಡರವರೆಗೆ ಕೂತು ಎಂಟು ಬಾರ್‌ನ, ಅಂದರೆ ತಾಳದ ಎಂಟು ಸುತ್ತಿನ, ಒಂದು ಬಿಟ್ ಮಾಡಿದೆ. ಕೊಳಲಿನ ಸೌಂಡಿಗೆ ಸ್ವಲ್ಪ ಬೆಲ್ ಬೆರೆಸಿ, ಕೊನೆಯ ಸ್ವರವನ್ನು ಪಿಚ್ ವೀಲಿನಲ್ಲಿ ಚೂರು ಜಗ್ಗಿ ಬಿಟ್ಟೆ. ಹಾಡು ಓಡಿತು. ಜನ ಅದರ ಶುರುವನ್ನು ರಿಂಗ್‌ಟೋನ್ ಮಾಡಿಕೊಂಡರು, ಮಾತು ಬರುವ ಮೊದಲಿನ ಭಾಗವನ್ನಷ್ಟೇ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವನ ಜೇಬಿನಿಂದ ನನ್ನ ಬಿಟ್ ಮೊಳಗಿದಾಗ ಎಷ್ಟು ಖುಷಿಯಾಗಿತ್ತು ಎಂದರೆ, ಅವನು ಬೇಗ ಫೋನ್ ಎತ್ತಿದ್ದಕ್ಕೆ ಸಿಟ್ಟು ಬಂದಿತ್ತು.

ಆಮೇಲೆ ಒಬ್ಬರು ಹೇಳಿದರು: ಕಲಾವಿದರ ಹಕ್ಕಿನ ಸಂಘಕ್ಕೆ ಸದಸ್ಯನಾಗು, ನುಡಿಸಿದವರಿಗೂ ಪಾಲಿದೆ. ಅರ್ಜಿ ತಂದೆ. ಯಾವ ಯಾವ ಹಾಡಿಗೆ ನುಡಿಸಿದ್ದೀರಿ, ಏನು ಆಧಾರ ಎಂದು ಕೇಳಿತ್ತು. ಆಪ್ ತೆರೆದೆ. ಗಾಯಕ, ಗಾಯಕಿ, ಸಂಗೀತ, ಸಾಹಿತ್ಯ, ಕಂಪನಿ. ಲಿರಿಕಲ್ ವಿಡಿಯೊ ಹಾಕಿದೆ. ಅದರಲ್ಲಿ ಅಕ್ಷರ ಕುಣಿಸಿದವರ ಹೆಸರಿದೆ, ಪೋಸ್ಟರ್ ಮಾಡಿದವರ ಹೆಸರಿದೆ. ನನ್ನದಿಲ್ಲ. ಕೊನೆಗೆ ಟ್ರಂಕಿನ ತಳದಲ್ಲಿ ಆ ರಾತ್ರಿಯ ಪೇಮೆಂಟ್ ವೋಚರಿನ ಕಾಪಿ ಸಿಕ್ಕಿತು. ನೀಲಿ ಕಾರ್ಬನ್ನು. ಅದರಲ್ಲಿ ಹೀಗಿದೆ: ‘ಕೀಬೋರ್ಡ್ – 1. ತಬಲಾ – 1. ಊಟ – 6.’

ಅರ್ಜಿ ಹಾಗೇ ಉಳಿಯಿತು.

ಇದು ಬರೀ ಮನಸ್ಸಿನ ನೋವಿನ ಮಾತಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯನ್ನು ಓದಿ. ಅದರಲ್ಲಿ ‘ಪರ್ಫಾರ್ಮರ್’ ಎಂದರೆ ಹಾಡುವವರು ಮಾತ್ರವಲ್ಲ, ವಾದ್ಯ ನುಡಿಸುವವರೂ ಹೌದು. 1994ರ ತಿದ್ದುಪಡಿ ನಮ್ಮಂಥವರ ಹಕ್ಕನ್ನು ಒಳಗೆ ತಂದಿತು. ಈ ಹಕ್ಕಿನ ಅವಧಿ ಈಗ 50 ವರ್ಷ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಉಂಟು ಎಂದಿತು. 38ಬಿ ಕಲಮಿನಲ್ಲಿ ‘ಇದನ್ನು ನುಡಿಸಿದವನು ನಾನು’ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆದರೆ ಅದೇ ಕಾಯ್ದೆಯಲ್ಲಿ, ಪರ್ಫಾರ್ಮರ್ ಯಾರು ಎಂದು ಹೇಳುವ ಜಾಗದಲ್ಲೇ, ಒಂದು ಬಾಲ ಇದೆ. ಸಿನಿಮಾದಲ್ಲಿ ಒಬ್ಬನ ಪಾಲು ಚಿಲ್ಲರೆಯದಾಗಿದ್ದು, ಉದ್ಯಮದ ರೂಢಿಯಂತೆ ಅವನ ಹೆಸರನ್ನು ಎಲ್ಲೂ ತೋರಿಸದಿದ್ದರೆ, ಅವನನ್ನು ಪರ್ಫಾರ್ಮರ್ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವನ ಕೆಲಸವನ್ನು ತಿರುಚಬಾರದು ಎಂಬ ಒಂದು ಹಕ್ಕು ಮಾತ್ರ ಉಳಿಯುತ್ತದೆ.

ಎಂಟು ಬಾರ್ ಚಿಲ್ಲರೆಯೋ ಅಲ್ಲವೋ, ವಕೀಲರು ಎರಡೂ ಕಡೆ ವಾದ ಮಾಡುತ್ತಾರೆ. ಆದರೆ ನಿಮ್ಮ ರೂಢಿ ಏನು ಮಾಡುತ್ತಿದೆ ನೋಡಿ. ನೀವು ಹೆಸರು ಹಾಕುವುದಿಲ್ಲ. ಹೆಸರಿಲ್ಲ ಅಂದಮೇಲೆ ಗುರುತಿಲ್ಲ, ಗುರುತಿಲ್ಲದವನಿಗೆ ಪಾಲು ಎಲ್ಲಿಂದ ಬರಬೇಕು? ಹಾಡುಗಾರರ ಹಕ್ಕಿಗೆಂದು 2013ರಲ್ಲಿ ಶುರುವಾದ ಸಂಸ್ಥೆ ಈಗ ವಾದ್ಯಗಾರರನ್ನೂ ಸೇರಿಸಿಕೊಳ್ಳುತ್ತಿದೆ. ಒಳ್ಳೆಯದೇ. ಆದರೆ ‘ಕೀಬೋರ್ಡ್ – 1’ ಎಂಬ ಹೆಸರಿಗೆ ಅವರಾದರೂ ಯಾವ ಖಾತೆಗೆ ದುಡ್ಡು ಹಾಕುತ್ತಾರೆ?

ನಿಮ್ಮ ಕಡೆಯ ಉತ್ತರಗಳು ನನಗೆ ಗೊತ್ತು, ಕೇಳಿ ಕೇಳಿ ಬಾಯಿಪಾಠ ಆಗಿವೆ. ‘ಜಾಗ ಇಲ್ಲ’ ಎನ್ನುತ್ತಿದ್ದರು. ಕ್ಯಾಸೆಟ್ ಕವರಿಗೆ ಆ ಮಾತು ಒಪ್ಪುತ್ತಿತ್ತು. ಅಂಗೈಯಗಲದ ಕಾಗದ, ಅದರಲ್ಲಿ ಅರ್ಧ ಹೀರೋ ಫೋಟೊ. ಫೋನಿನಲ್ಲಿ ಬೆರಳಾಡಿಸಿದಷ್ಟೂ ಜಾಗ ಇದೆಯಲ್ಲ! ‘ಪಿಟೀಲಿನವರೇ ಇಪ್ಪತ್ತು ಜನ ಇರ್ತಾರೆ’ ಎನ್ನುತ್ತೀರಿ. ಇಪ್ಪತ್ತೂ ಹಾಕಿ. ಇನ್ನೊಂದು ಉತ್ತರವಿದೆ, ಅದು ಮಾತ್ರ ಸ್ವಲ್ಪ ನಿಜ: ‘ಸಂಗೀತ ನಿರ್ದೇಶಕರು ಪಟ್ಟಿ ಕಳಿಸುವುದೇ ಇಲ್ಲ, ನಾವೇನು ಮಾಡೋಣ?’ ಕೆಲವು ನಿರ್ದೇಶಕರು ಕಳಿಸುತ್ತಾರೆ, ವಾದ್ಯದವರ ಹೆಸರನ್ನು ವಿಡಿಯೊದ ಕೆಳಗಾದರೂ ಹಾಕಿಸುತ್ತಾರೆ. ಅವರಿಗೆ ನಮ್ಮ ಮನೆಮಂದಿಯ ನಮಸ್ಕಾರ. ಉಳಿದವರು ಕಳಿಸುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ. ಸಾಹಿತ್ಯ ಬರೆದವರ ಹೆಸರಿಲ್ಲದೆ ಹಾಡು ಬಂದರೆ ನೀವು ಅಪ್‌ಲೋಡ್ ಮಾಡುತ್ತೀರಾ? ವಾದ್ಯದ ಕಾಲಂ ಖಾಲಿ ಇದ್ದರೂ ಹಾಗೇ ವಾಪಸ್ ಕಳಿಸಿ. ಒಂದೇ ತಿಂಗಳಲ್ಲಿ ಎಲ್ಲರಿಗೂ ರೂಢಿಯಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಇನ್ನು ಮುಂದೆ ಬರುವ ಪ್ರತಿ ಹಾಡಿಗೆ ನುಡಿಸಿದವರ, ಪ್ರೋಗ್ರಾಮಿಂಗ್ ಮಾಡಿದವರ ಹೆಸರನ್ನು ಪಡೆದುಕೊಳ್ಳಿ, ಕೇಳುಗರಿಗೆ ಕಾಣುವ ಕಡೆ ತೋರಿಸಿ. ಸ್ಟುಡಿಯೊ ವೋಚರಿನಲ್ಲಿ ವಾದ್ಯದ ಪಕ್ಕ ಮನುಷ್ಯನ ಹೆಸರು, ಹಾಡಿನ ಹೆಸರು, ತಾರೀಕು ಬರೆಯುವುದನ್ನು ಕಡ್ಡಾಯ ಮಾಡಿ. ಹಳೆಯ ಹಾಡುಗಳ ವಿಷಯ ಕಷ್ಟ, ಒಪ್ಪುತ್ತೇನೆ. ಆದರೆ ಎಂಬತ್ತು, ತೊಂಬತ್ತರ ದಶಕದಲ್ಲಿ ನುಡಿಸಿದ ಹಿರಿಯರು ಇನ್ನೂ ಕೆಲವರು ಇದ್ದಾರೆ. ಅವರಿಗೆ ಹಾಡು ಕೇಳಿಸಿದರೆ ‘ಇದು ನಾನು, ಅದು ಅವನು’ ಎಂದು ಬೆರಳಿಟ್ಟು ತೋರಿಸುತ್ತಾರೆ. ಒಬ್ಬ ಹುಡುಗನನ್ನು ರೆಕಾರ್ಡರ್ ಕೊಟ್ಟು ಅವರ ಮನೆಗೆ ಕಳಿಸಿ. ತಡ ಮಾಡಬೇಡಿ. ನನ್ನ ಮೇಷ್ಟ್ರು ಹೋಗಿ ಆರು ವರ್ಷವಾಯಿತು. ಅವರು ಯಾವ ಯಾವ ಹಾಡಿಗೆ ನುಡಿಸಿದ್ದರು ಎಂದು ಈಗ ಕೇಳಲು ಯಾರೂ ಇಲ್ಲ.

ಕೊನೆಗೊಂದು ವಿಷಯ. ಹೆಸರು ಬೇಕು ಎಂದು ಇಷ್ಟುದ್ದ ಬರೆದವನು ಕೆಳಗೆ ತನ್ನ ಹೆಸರು ಹಾಕಿಲ್ಲವಲ್ಲ ಎಂದು ನೀವು ನಗಬಹುದು. ನಗಿ. ಹಾಕಿದರೆ ನಾಳೆಯಿಂದ ಸ್ಟುಡಿಯೊದಿಂದ ಕರೆ ಬರುವುದಿಲ್ಲ. ಮಗಳ ಪಿಯುಸಿ ಫೀಸು ಇನ್ನೂ ಅರ್ಧ ಬಾಕಿ ಇದೆ. ವೋಚರಿನ ಕಾರ್ಬನ್ ಕಾಪಿ ಮಾತ್ರ ಭದ್ರವಾಗಿಟ್ಟಿದ್ದೇನೆ. ನಿಮ್ಮ ಹತ್ತಿರ ಅದರ ಅಸಲು ಇರಬೇಕು, ಹುಡುಕಿ ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ಕೀಬೋರ್ಡ್ – 1